ಬೆಳೆ ಸಾಲದ ಖಾತೆ: ತಪ್ಪು ಖರ್ಚನ್ನು ಗುರುತಿಸುವ ಮತ್ತು ಸರಿಪಡಿಸಿಕೊಳ್ಳುವ ಕ್ರಮ

ಬೀಜ ಕೊಳ್ಳುವಾಗ ಮೊಳಕೆಯ ಪ್ರಮಾಣವನ್ನು ವಿಚಾರಿಸುವ, ಗೊಬ್ಬರದ ಚೀಲದ ಮೇಲಿನ ತೂಕವನ್ನು ಓದುವ ರೈತರು ಸಾಲದ ಪಾಸ್ ಪುಸ್ತಕವನ್ನು ಬಿಚ್ಚಿ ನೋಡುವುದು ಅಪರೂಪ. ಬ್ಯಾಂಕಿನವರು ಬರೆದದ್ದು ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ ಒಂದು ಕಡೆ. ಪ್ರಶ್ನೆ ಮಾಡಿದರೆ ಮುಂದಿನ ಹಂಗಾಮಿಗೆ ಸಾಲ ಸಿಗುವುದೋ ಇಲ್ಲವೋ ಎಂಬ ಅಳುಕು ಇನ್ನೊಂದು ಕಡೆ. ಈ ಎರಡರ ನಡುವೆ, ಸಲ್ಲದ ಖರ್ಚುಗಳು ಖಾತೆಯಲ್ಲಿ ಸೇರಿ ಅದರ ಮೇಲೂ ಬಡ್ಡಿ ಬೆಳೆಯುತ್ತದೆ. ಬರಬೇಕಾದ ಬಡ್ಡಿ ರಿಯಾಯಿತಿ ಬಾರದೆ ಹೋದರೂ ಗೊತ್ತಾಗುವುದಿಲ್ಲ.

ಬ್ಯಾಂಕು ಹಾಕಿದ ಎಲ್ಲ ಖರ್ಚೂ ಅನ್ಯಾಯವಲ್ಲ. ಕರಾರಿನಂತೆ ಸಲ್ಲಬೇಕಾದ ಬಡ್ಡಿ ಸಲ್ಲಲೇಬೇಕು. ಆದರೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದಕ್ಕೆ ಸ್ಪಷ್ಟ ನಿಯಮಗಳಿವೆ. ಅವುಗಳನ್ನು ಅರಿತು ವಾಯಿದೆಯೊಳಗೆ ಲಿಖಿತವಾಗಿ ಕೇಳಿದರೆ ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶವಿದೆ.

ಖಾತೆಯ ಸ್ವರೂಪ

ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆ 1998ರಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ ಪ್ರತಿ ಹಂಗಾಮಿಗೂ ಹೊಸದಾಗಿ ಅರ್ಜಿ ಹಾಕಿ, ಒಂದೇ ಗಂಟಿನಲ್ಲಿ ಸಾಲ ಪಡೆಯಬೇಕಾಗಿತ್ತು. ಈಗ ಬೆಳೆ ಮತ್ತು ಜಮೀನಿನ ವಿಸ್ತೀರ್ಣವನ್ನು ನೋಡಿ ಬ್ಯಾಂಕು ಒಂದು ಸಾಲ ಮಿತಿಯನ್ನು ಗೊತ್ತುಪಡಿಸುತ್ತದೆ. ಆ ಮಿತಿಯೊಳಗೆ ರೈತರು ಬೇಕಾದಾಗ ಹಣ ತೆಗೆಯಬಹುದು, ಕೈಗೆ ಹಣ ಬಂದಾಗ ಕಟ್ಟಬಹುದು, ಮತ್ತೆ ತೆಗೆಯಬಹುದು. ವ್ಯಾಪಾರಸ್ಥರ ಓವರ್‌ಡ್ರಾಫ್ಟ್ ಖಾತೆಯೂ ಇದೇ ರೀತಿ ನಡೆಯುತ್ತದೆ.

ಇಂಥ ಖಾತೆಯಲ್ಲಿ ಬಡ್ಡಿ ಬೀಳುವುದು ತೆಗೆದ ಹಣಕ್ಕೆ, ಅದೂ ತೆಗೆದ ದಿನದಿಂದ ಕಟ್ಟಿದ ದಿನದವರೆಗೆ ಮಾತ್ರ. ಇಡೀ ಮಿತಿಗೆ ಅಲ್ಲ. ಆದ್ದರಿಂದ ಜೂನ್ ತಿಂಗಳಲ್ಲಿಯೇ ಪೂರ್ತಿ ಮಿತಿಯನ್ನು ತೆಗೆದು ಮನೆಯಲ್ಲಿ ಅಥವಾ ಉಳಿತಾಯ ಖಾತೆಯಲ್ಲಿ ಇಡುವುದು ನಷ್ಟದ ದಾರಿ.

ಪಾಸ್ ಪುಸ್ತಕವನ್ನು ಓದುವ ರೀತಿ

ಪಾಸ್ ಪುಸ್ತಕದಲ್ಲಿ ಪ್ರತಿ ಸಾಲಿಗೂ ತಾರೀಖು, ವಿವರ, ಖರ್ಚು, ಜಮಾ ಮತ್ತು ಬಾಕಿ ಎಂಬ ಕಲಮುಗಳಿರುತ್ತವೆ. ಖರ್ಚಿನ ಕಲಮಿನಲ್ಲಿರುವ ಪ್ರತಿಯೊಂದು ಮೊತ್ತವನ್ನೂ ಈ ಕೆಳಗಿನ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿಸಿ ಗುರುತು ಹಾಕಿಕೊಳ್ಳಬೇಕು.

1. ರೈತರೇ ತೆಗೆದ ಹಣ.
2. ಬಡ್ಡಿ.
3. ಬೆಳೆ ವಿಮೆ, ಜೀವ ವಿಮೆ, ಅಪಘಾತ ವಿಮೆ ಮುಂತಾದವುಗಳ ಕಂತು.
4. ಸೇವಾ ಶುಲ್ಕ, ತಪಾಸಣಾ ಶುಲ್ಕ, ದಂಡ ಮತ್ತು ಇತರೆ.

ಯಾವ ಗುಂಪಿಗೂ ಸೇರದ ಅಥವಾ ವಿವರವೇ ಇಲ್ಲದ ಸಾಲು ಕಂಡರೆ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ವಿಚಾರಣೆ ಅಲ್ಲಿಂದಲೇ ಆರಂಭವಾಗಬೇಕು. ಪುಸ್ತಕದಲ್ಲಿ ಮುದ್ರಣ ಬಿಟ್ಟುಹೋಗಿದ್ದರೆ ಶಾಖೆಯಲ್ಲಿ ಖಾತೆಯ ಪೂರ್ಣ ವಿವರ ಪಟ್ಟಿಯನ್ನು ಕೇಳಿ ಪಡೆಯಬೇಕು. ಸಾಲದ ಕರಾರು ಪತ್ರ ಮತ್ತು ಅದರ ಲಗತ್ತುಗಳ ಪ್ರತಿಯನ್ನು ಕೇಳುವ ಹಕ್ಕೂ ಸಾಲಗಾರರಿಗೆ ಉಂಟು.

ಬ್ಯಾಂಕುಗಳು ವಿಲೀನವಾದಾಗ ಈ ಕೆಲಸ ಇನ್ನೂ ಮುಖ್ಯ. ಉದಾಹರಣೆಗೆ, ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾದವು. ಇಂಥ ಸಮಯದಲ್ಲಿ ಹಳೆಯ ಪುಸ್ತಕದ ಕೊನೆಯ ಬಾಕಿ ಮತ್ತು ಹೊಸ ಪುಸ್ತಕದ ಮೊದಲ ಬಾಕಿ ಒಂದೇ ಆಗಿವೆಯೇ ಎಂದು ತಾಳೆ ನೋಡಬೇಕು. ಹಳೆಯ ಪುಸ್ತಕವನ್ನು ಎಂದಿಗೂ ಎಸೆಯಬಾರದು.

ಬಡ್ಡಿಯನ್ನು ಲೆಕ್ಕ ಹಾಕುವ ವಿಧಾನ

ಬಾಕಿ ಮೊತ್ತವನ್ನು ಅದು ನಿಂತ ದಿನಗಳಿಂದ ಗುಣಿಸಬೇಕು. ಬಂದ ಗುಣಲಬ್ಧಗಳನ್ನು ಕೂಡಿ, ಬಡ್ಡಿ ದರದಿಂದ ಗುಣಿಸಿ, 36,500ರಿಂದ ಭಾಗಿಸಬೇಕು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಒಬ್ಬ ರೈತರ ಸಾಲ ಮಿತಿ 1,50,000 ರೂಪಾಯಿ. ಬಡ್ಡಿ ಶೇಕಡ 7. ಅವರು ಜೂನ್ 10ರಂದು 1,00,000 ರೂಪಾಯಿ ಮತ್ತು ಆಗಸ್ಟ್ 20ರಂದು 50,000 ರೂಪಾಯಿ ತೆಗೆದರು. ಮುಂದಿನ ಮಾರ್ಚ್ 10ರಂದು ಎಲ್ಲವನ್ನೂ ಕಟ್ಟಿದರು ಎಂದಿಟ್ಟುಕೊಳ್ಳೋಣ.

ಜೂನ್ 10ರಿಂದ ಆಗಸ್ಟ್ 20ರವರೆಗೆ 71 ದಿನ: 1,00,000 × 71 = 71,00,000
ಆಗಸ್ಟ್ 20ರಿಂದ ಮಾರ್ಚ್ 10ರವರೆಗೆ 202 ದಿನ: 1,50,000 × 202 = 3,03,00,000
ಒಟ್ಟು: 3,74,00,000
ಬಡ್ಡಿ: 3,74,00,000 × 7 ÷ 36,500 = 7,173 ರೂಪಾಯಿ

ಪೂರ್ತಿ ಮಿತಿಯನ್ನು ಜೂನ್ 10ರಂದೇ ತೆಗೆದಿದ್ದರೆ ಬಡ್ಡಿ 7,853 ರೂಪಾಯಿ ಆಗುತ್ತಿತ್ತು. ಎರಡು ಸಲವಾಗಿ ತೆಗೆದದ್ದರಿಂದ 680 ರೂಪಾಯಿ ಉಳಿಯಿತು. ಎರಡು ಸಲವಾಗಿ ತೆಗೆದ ರೈತರ ಖಾತೆಯಲ್ಲಿ 7,853 ರೂಪಾಯಿ ಬಡ್ಡಿ ಬಿದ್ದಿದ್ದರೆ ಮಾತ್ರ ಅದು ಕೇಳಬೇಕಾದ ವಿಷಯ. ಒಂದೆರಡು ದಿನಗಳ ಎಣಿಕೆಯಲ್ಲಿ ಬರುವ ಅಲ್ಪ ವ್ಯತ್ಯಾಸಕ್ಕೆ ತಕರಾರು ಮಾಡುವುದು ಬೇಡ.

ಸಕಾಲದಲ್ಲಿ ಕಟ್ಟಿದವರ ರಿಯಾಯಿತಿ

ಬೆಳೆ ಸಾಲದ ಬಡ್ಡಿಗೆ ಕೇಂದ್ರ ಸರ್ಕಾರ ಸಹಾಯಧನ ನೀಡುವ ಕ್ರಮ 2006-07ರಲ್ಲಿ ಆರಂಭವಾಯಿತು. 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಶೇಕಡ 7ರ ದರ. ವಾಯಿದೆಯೊಳಗೆ ಕಟ್ಟಿದವರಿಗೆ ಮತ್ತೆ ಶೇಕಡ 3ರಷ್ಟು ಪ್ರೋತ್ಸಾಹ ರಿಯಾಯಿತಿ. ಹೀಗೆ ನಿವ್ವಳ ಬಡ್ಡಿ ಶೇಕಡ 4 ಆಗುತ್ತದೆ. 2025-26ರ ಸಾಲಿಗೂ ಇದನ್ನು ಮುಂದುವರಿಸಲು ಕೇಂದ್ರ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ನೀಡಿತು. ಆಯಾ ವರ್ಷದ ದರವನ್ನು ಶಾಖೆಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು ಲೇಸು.

ಮೇಲಿನ ಉದಾಹರಣೆಯ ರೈತರಿಗೆ ಸಿಗಬೇಕಾದ ಪ್ರೋತ್ಸಾಹ ರಿಯಾಯಿತಿ 3,074 ರೂಪಾಯಿ. ಬ್ಯಾಂಕು ಮೊದಲು ಶೇಕಡ 7ರಂತೆ ಬಡ್ಡಿ ಹಾಕಿ, ನಂತರ ಈ ಹಣವನ್ನು ಜಮಾ ಮಾಡುವುದು ವಾಡಿಕೆ. ಆದ್ದರಿಂದ ಸಾಲ ಕಟ್ಟಿದ ಮೇಲೂ ಪುಸ್ತಕವನ್ನು ಮುದ್ರಿಸಿಕೊಂಡು, ಜಮಾ ಕಲಮಿನಲ್ಲಿ ಆ ಮೊತ್ತ ಬಂದಿದೆಯೇ ಎಂದು ನೋಡಬೇಕು. ಆಧಾರ್ ಸಂಖ್ಯೆ ಹೊಂದಿಕೆಯಾಗದಿದ್ದರೆ ಅಥವಾ ಬ್ಯಾಂಕು ಸಾಲದ ವಿವರವನ್ನು ಕಿಸಾನ್ ಋಣ ಪೋರ್ಟಲಿಗೆ ಸರಿಯಾಗಿ ಏರಿಸದಿದ್ದರೆ ರಿಯಾಯಿತಿ ನಿಂತುಹೋಗಬಹುದು. ಈ ಪೋರ್ಟಲ್ 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಸಹಕಾರ ಸಂಘಗಳ ಮೂಲಕ ಪಡೆಯುವ ಅಲ್ಪಾವಧಿ ಬೆಳೆ ಸಾಲಕ್ಕೆ ಕರ್ನಾಟಕ ಸರ್ಕಾರ ಪೂರ್ತಿ ಬಡ್ಡಿಯನ್ನು ಭರಿಸುತ್ತ ಬಂದಿದೆ. ಈ ಶೂನ್ಯ ಬಡ್ಡಿಯ ಮಿತಿಯನ್ನು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಇಲ್ಲಿಯೂ ಷರತ್ತು ಒಂದೇ: ವಾಯಿದೆ ಮೀರಬಾರದು.

ವಾಯಿದೆ ಮೀರಿದ ದಿನದಿಂದ ರಿಯಾಯಿತಿ ದರ ನಿಂತು, ಬ್ಯಾಂಕಿನ ಸಾಮಾನ್ಯ ದರ ಅನ್ವಯಿಸುತ್ತದೆ. ಹಾಗೆ ಏರಿದ ಬಡ್ಡಿಯನ್ನು ತಪ್ಪು ಖರ್ಚು ಎನ್ನಲಾಗದು. ಈ ಹೆದರಿಕೆಯಿಂದಲೇ ಅನೇಕರು ವಾಯಿದೆ ಹತ್ತಿರ ಬಂದಾಗ ಖಾಸಗಿಯವರಿಂದ ಕೈಸಾಲ ತಂದು ಕಟ್ಟಿ, ಖಾತೆ ನವೀಕರಣವಾದ ಮೇಲೆ ಮತ್ತೆ ತೆಗೆದು ತೀರಿಸುವುದುಂಟು. ಈ ಪದ್ಧತಿಯ ಲೆಕ್ಕವನ್ನೂ ನೋಡಬೇಕು. 1,50,000 ರೂಪಾಯಿಗೆ ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ 15 ದಿನಕ್ಕೆ 2,250 ರೂಪಾಯಿ ಬಡ್ಡಿ ಆಗುತ್ತದೆ. 3,074 ರೂಪಾಯಿ ರಿಯಾಯಿತಿಯಲ್ಲಿ ಉಳಿಯುವುದು 824 ರೂಪಾಯಿ. ನವೀಕರಣಕ್ಕೆ ಒಂದು ತಿಂಗಳು ಹಿಡಿದರೆ ಕೈಸಾಲದ ಬಡ್ಡಿಯೇ 4,500 ರೂಪಾಯಿ ಆಗಿ ರಿಯಾಯಿತಿಯನ್ನು ನುಂಗಿಬಿಡುತ್ತದೆ. ಇದಕ್ಕಿಂತ, ಸಾಲ ಪಡೆಯುವಾಗಲೇ ಬೆಳೆಯ ಕೊಯ್ಲು ಮತ್ತು ಮಾರಾಟದ ಕಾಲಕ್ಕೆ ಹೊಂದುವಂತೆ ವಾಯಿದೆಯನ್ನು ಗೊತ್ತುಪಡಿಸುವಂತೆ ಕೇಳುವುದು ಯೋಗ್ಯ. ಹತ್ತಿ, ತೊಗರಿ, ಕಬ್ಬು, ಅಡಿಕೆ ಇವುಗಳ ಹಣ ಕೈಗೆ ಬರುವ ತಿಂಗಳು ಒಂದೇ ಅಲ್ಲ.

ಚಕ್ರಬಡ್ಡಿ ಮತ್ತು ದಂಡ

ಬೇಸಾಯದ ವರಮಾನ ತಿಂಗಳು ತಿಂಗಳು ಬರುವುದಿಲ್ಲ. ಬೆಳೆ ಬಂದಾಗ ಬರುತ್ತದೆ. ಈ ಕಾರಣದಿಂದ ಕೃಷಿ ಸಾಲದ ಬಡ್ಡಿಗೆ ಬೇರೆ ನಿಯಮವಿದೆ. ಕೃಷಿ ಸಾಲಕ್ಕೆ ತಿಂಗಳಿಗೊಮ್ಮೆ ಬಡ್ಡಿ ಸೇರಿಸುವ ಪದ್ಧತಿ ಅನ್ವಯಿಸದು, ಅದು ಬೆಳೆ ಹಂಗಾಮಿಗೆ ಹೊಂದಿಕೊಂಡಿರಬೇಕು ಎಂಬುದು ರಿಸರ್ವ್ ಬ್ಯಾಂಕು 2016ರಲ್ಲಿ ಹೊರಡಿಸಿದ ಬಡ್ಡಿ ದರ ನಿರ್ದೇಶನದಲ್ಲಿದೆ. ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠ 2001ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಆ ಪ್ರದೇಶದ ಬೆಳೆ ಪದ್ಧತಿಗೆ ಅನುಗುಣವಾಗಿ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಹೊರತು, ಕೃಷಿ ಸಾಲದಲ್ಲಿ ಬಡ್ಡಿಯನ್ನು ಅಸಲಿಗೆ ಸೇರಿಸಲು ಬರುವುದಿಲ್ಲ. ದಂಡ ಬಡ್ಡಿಯನ್ನಂತೂ ಅಸಲಿಗೆ ಸೇರಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಸುಸ್ತಿಯಾದ 1,00,000 ರೂಪಾಯಿಗೆ ಶೇಕಡ 12ರಂತೆ 2 ವರ್ಷಕ್ಕೆ ಸರಳ ಬಡ್ಡಿ 24,000 ರೂಪಾಯಿ. ವರ್ಷಕ್ಕೊಮ್ಮೆ ಅಸಲಿಗೆ ಸೇರಿಸಿದರೆ 25,440 ರೂಪಾಯಿ. ಮೂರು ತಿಂಗಳಿಗೊಮ್ಮೆ ಸೇರಿಸಿದರೆ 26,677 ರೂಪಾಯಿ. ಬಡ್ಡಿಯ ದರ ಒಂದೇ ಆದರೂ ಸೇರಿಸುವ ಅವಧಿ ಬದಲಾದದ್ದರಿಂದ ಕೊನೆಯ ಎರಡರ ನಡುವೆ 1,237 ರೂಪಾಯಿ ಅಂತರ ಬಂದಿತು.

ದಂಡದ ವಿಷಯದಲ್ಲಿ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಇನ್ನೊಂದು ಸುತ್ತೋಲೆ ಹೊರಡಿಸಿತು. ವಾಣಿಜ್ಯ ಬ್ಯಾಂಕುಗಳು ಮತ್ತು ಗ್ರಾಮೀಣ ಬ್ಯಾಂಕುಗಳು ಕರಾರು ತಪ್ಪಿದ್ದಕ್ಕೆ ಬಡ್ಡಿ ದರವನ್ನೇ ಹೆಚ್ಚಿಸಿ ದಂಡ ಬಡ್ಡಿ ಹಾಕುವಂತಿಲ್ಲ. ನ್ಯಾಯವಾದ ಪ್ರಮಾಣದ ದಂಡ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸಬೇಕು. ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಬಾರದು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಅನ್ವಯವಾಯಿತು.

ಸಣ್ಣ ಹಿಡುವಳಿದಾರರಿಗೆ ಇನ್ನೊಂದು ರಕ್ಷಣೆ ಉಂಟು. 5 ಎಕರೆ ಅಥವಾ ಅದಕ್ಕಿಂತ ಕಡಿಮೆ ಜಮೀನುಳ್ಳ ಸಣ್ಣ ಮತ್ತು ಅತಿ ಸಣ್ಣ ರೈತರ ಅಲ್ಪಾವಧಿ ಸಾಲದಲ್ಲಿ, ಖಾತೆಗೆ ಹಾಕಿದ ಒಟ್ಟು ಬಡ್ಡಿ ಅಸಲನ್ನು ಮೀರಬಾರದು ಎಂದು ರಿಸರ್ವ್ ಬ್ಯಾಂಕಿನ 2016ರ ನಿರ್ದೇಶನ ಹೇಳುತ್ತದೆ. ಅಂದರೆ 40,000 ರೂಪಾಯಿ ಅಸಲಿಗೆ ಬಡ್ಡಿ ಎಷ್ಟೇ ವರ್ಷವಾದರೂ 40,000 ರೂಪಾಯಿಗಿಂತ ಹೆಚ್ಚಾಗಬಾರದು. ಇದು ನಮ್ಮ ನಾಡಿಗೆ ಹೊಸದಲ್ಲ. ಬಡ್ಡಿ ಅಸಲನ್ನು ದಾಟಬಾರದೆಂಬ ‘ದಾಮ್‌ದುಪಟ್’ ನಿಯಮ ಹಿಂದಿನ ಮುಂಬಯಿ ಪ್ರಾಂತದಲ್ಲಿ, ಆದುದರಿಂದ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಲ್ಲಿಯೂ, ಹಿಂದೂ ಕಾನೂನಿನ ಭಾಗವಾಗಿ ನಡೆದುಬಂದಿತ್ತು. ಹಳೆಯ ಸುಸ್ತಿ ಸಾಲವುಳ್ಳ ಸಣ್ಣ ರೈತರು ಮೊದಲು ಪರೀಕ್ಷಿಸಬೇಕಾದ ಅಂಶ ಇದೇ.

ಸೇವಾ ಶುಲ್ಕಗಳು

ಆದ್ಯತಾ ವಲಯದ 50,000 ರೂಪಾಯಿವರೆಗಿನ ಸಾಲಕ್ಕೆ ಸಾಲ ಸಂಬಂಧದ ಸೇವಾ ಶುಲ್ಕವನ್ನಾಗಲಿ ತಪಾಸಣಾ ಶುಲ್ಕವನ್ನಾಗಲಿ ಹಾಕಬಾರದು. 2025ರ ಏಪ್ರಿಲ್ 1ಕ್ಕೆ ಮುಂಚೆ ಈ ಮಿತಿ 25,000 ರೂಪಾಯಿ ಇತ್ತು. ಇದಲ್ಲದೆ, 3 ಲಕ್ಷ ರೂಪಾಯಿವರೆಗಿನ ಕಿಸಾನ್ ಕಾರ್ಡ್ ಸಾಲಕ್ಕೆ ಅರ್ಜಿ ಪರಿಶೀಲನೆ, ದಾಖಲೆ ಪತ್ರ, ತಪಾಸಣೆ ಮತ್ತು ಖಾತೆ ಪುಟದ ಶುಲ್ಕಗಳನ್ನು ಬಿಡುವಂತೆ ಭಾರತೀಯ ಬ್ಯಾಂಕುಗಳ ಸಂಘ 2019ರ ಫೆಬ್ರವರಿಯಲ್ಲಿ ತನ್ನ ಸದಸ್ಯ ಬ್ಯಾಂಕುಗಳಿಗೆ ಸಲಹೆ ಮಾಡಿತು. ಆದ್ದರಿಂದ ಇಂಥ ಖಾತೆಯಲ್ಲಿ ಈ ಹೆಸರಿನ ಖರ್ಚು ಕಂಡರೆ, ಯಾವ ನಿಯಮದಂತೆ ಹಾಕಲಾಗಿದೆ ಎಂದು ಕೇಳಬೇಕು.

ವಿಮೆಯ ಕಂತು

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಐಚ್ಛಿಕವಾಗಿದೆ. ಬೇಡವೆನ್ನುವವರು ನೋಂದಣಿಯ ಕೊನೆಯ ದಿನಕ್ಕೆ ಕನಿಷ್ಠ 7 ದಿನ ಮುಂಚಿತವಾಗಿ ಬ್ಯಾಂಕಿಗೆ ಬರೆದುಕೊಡಬೇಕು. ಬರೆದುಕೊಡದಿದ್ದರೆ ಕಂತು ಕಡಿತವಾಗುತ್ತದೆ. ಅದು ತಪ್ಪು ಖರ್ಚಲ್ಲ. ರೈತರ ಪಾಲಿನ ಕಂತು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಹೆಚ್ಚೆಂದರೆ ಶೇಕಡ 2, ಹಿಂಗಾರಿಗೆ ಶೇಕಡ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ಶೇಕಡ 5. ಹೆಕ್ಟೇರಿಗೆ ವಿಮಾ ಮೊತ್ತ 50,000 ರೂಪಾಯಿ ಇದ್ದರೆ ಮುಂಗಾರಿನಲ್ಲಿ 1,000 ರೂಪಾಯಿ ಮೀರಬಾರದು.

ಇಲ್ಲಿ ದೊಡ್ಡ ನಷ್ಟ ಆಗುವುದು ಬೇರೆ ಕಾರಣದಿಂದ. ಕಂತು ಕಡಿತವಾಗಿರುತ್ತದೆ, ಆದರೆ ಬೆಳೆಯ ಹೆಸರು ಅಥವಾ ಸರ್ವೆ ನಂಬರು ತಪ್ಪಾಗಿ ನಮೂದಾಗಿರುತ್ತದೆ, ಇಲ್ಲವೇ ನಮೂದಾಗಿರುವುದೇ ಇಲ್ಲ. ಬೆಳೆ ಹೋದ ಮೇಲೆ ಇದು ಗೊತ್ತಾದರೆ ಪರಿಹಾರ ಪಡೆಯುವುದು ಕಷ್ಟ. ಕಂತು ಕಡಿತವಾದ ವಾರದಲ್ಲಿಯೇ ರಾಜ್ಯದ ‘ಸಂರಕ್ಷಣೆ’ ಜಾಲತಾಣದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿವರ ನೋಡಿಸಿಕೊಳ್ಳಬೇಕು. ಬ್ಯಾಂಕಿನ ತಪ್ಪಿನಿಂದ ರೈತರು ವಿಮಾ ಲಾಭ ಕಳೆದುಕೊಂಡರೆ ಆ ನಷ್ಟವನ್ನು ಬ್ಯಾಂಕೇ ತುಂಬಿಕೊಡಬೇಕು ಎಂದು ಯೋಜನೆಯ ಮಾರ್ಗಸೂಚಿಯಲ್ಲಿ ಇದೆ.

ಜೀವ ವಿಮೆ, ಅಪಘಾತ ವಿಮೆ ಇವುಗಳಿಗೆ ರೈತರ ಸಹಿಯುಳ್ಳ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟ ನೆನಪಿಲ್ಲದಿದ್ದರೆ ಅದರ ಪ್ರತಿಯನ್ನು ಕೇಳಬಹುದು. ಸಾಲ ಮಂಜೂರಾತಿಯ ಕಾಗದಗಳ ಕಟ್ಟಿನಲ್ಲಿ ಓದದೆ ಸಹಿ ಹಾಕುವುದನ್ನು ಮತ್ತು ಖಾಲಿ ನಮೂನೆಗೆ ಸಹಿ ಹಾಕುವುದನ್ನು ಬಿಡಬೇಕು.

ಉಳಿತಾಯ ಖಾತೆಯಲ್ಲಿ ಸಾಲ ಬೀಳುವುದು

ಕನಿಷ್ಠ ಶಿಲ್ಕು ಇಲ್ಲವೆಂಬ ಕಾರಣಕ್ಕೆ ದಂಡ ಹಾಕುತ್ತ ಹೋಗಿ ಉಳಿತಾಯ ಖಾತೆಯನ್ನೇ ಸೊನ್ನೆಗಿಂತ ಕೆಳಕ್ಕೆ ಇಳಿಸುವಂತಿಲ್ಲ. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ ಸುತ್ತೋಲೆಯಂತೆ, 2015ರ ಏಪ್ರಿಲ್ 1ರಿಂದ ಈ ನಿಯಮವಿದೆ. ದಂಡ ಹಾಕುವ ಮೊದಲು ತಿಳಿವಳಿಕೆ ಕೊಟ್ಟು, ಶಿಲ್ಕು ತುಂಬಲು ಒಂದು ತಿಂಗಳ ಅವಕಾಶ ಕೊಡಬೇಕು. ಜನಧನ ಖಾತೆಗಳಿಗಂತೂ ಕನಿಷ್ಠ ಶಿಲ್ಕಿನ ಷರತ್ತೇ ಇಲ್ಲ.

ಸರ್ಕಾರದ ಪರಿಹಾರ ಧನ ಖಾತೆಗೆ ಬಂದ ಕೂಡಲೇ ಹಳೆಯ ಸಾಲಕ್ಕೆ ಜಮಾ ಆಯಿತೆಂಬ ದೂರೂ ಬರುತ್ತಿರುತ್ತದೆ. ಬರ ಪರಿಹಾರದ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳಬಾರದೆಂದು 2024ರಲ್ಲಿ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ನೀಡಿತ್ತು. ಹೀಗಾದಾಗ ಶಾಖೆಗೆ ಬರೆಯುವುದರ ಜೊತೆಗೆ ತಹಶೀಲ್ದಾರರಿಗೂ ಜಿಲ್ಲಾ ಅಗ್ರಣಿ ಬ್ಯಾಂಕಿನ ವ್ಯವಸ್ಥಾಪಕರಿಗೂ ಒಂದೊಂದು ಪ್ರತಿ ಕಳುಹಿಸಬೇಕು.

ತಕರಾರು ಸಲ್ಲಿಸುವ ಕ್ರಮ

ಮೊದಲನೆಯದಾಗಿ, ತಕರಾರು ಇಲ್ಲದ ಹಣವನ್ನು ವಾಯಿದೆಯೊಳಗೆ ಕಟ್ಟಿಬಿಡಬೇಕು. 600 ರೂಪಾಯಿ ಶುಲ್ಕದ ಜಗಳಕ್ಕಾಗಿ ಒಂದೂವರೆ ಲಕ್ಷ ರೂಪಾಯಿ ಸಾಲವನ್ನು ಸುಸ್ತಿಗೆ ಬಿಟ್ಟರೆ 3,074 ರೂಪಾಯಿ ರಿಯಾಯಿತಿ ಹೋಗುತ್ತದೆ, ಮೇಲೆ ದಂಡವೂ ಬೀಳುತ್ತದೆ. ತಕರಾರು ಕೊಟ್ಟ ಮಾತ್ರಕ್ಕೆ ವಾಯಿದೆ ನಿಲ್ಲುವುದಿಲ್ಲ. ತಕರಾರಿನ ಮೊತ್ತವನ್ನೂ ಕಟ್ಟದೆ ಖಾತೆ ಮುಗಿಯುವುದಿಲ್ಲವಾದರೆ ಅದನ್ನೂ ಕಟ್ಟಿ, ‘ತಕರಾರಿಗೆ ಒಳಪಟ್ಟು ಕಟ್ಟಲಾಗಿದೆ’ ಎಂದು ಪತ್ರ ಕೊಟ್ಟು, ಹಿಂದಕ್ಕೆ ಕೇಳುವುದು ಕ್ಷೇಮ.

ಎರಡನೆಯದಾಗಿ, ಕೇಳುವುದೆಲ್ಲ ಕಾಗದದಲ್ಲಿರಬೇಕು. ಕಿಟಕಿಯ ಬಳಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ತಾರೀಖಿನ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಮೊಹರು ಹಾಕಲು ಒಪ್ಪದಿದ್ದರೆ ಅಂಚೆಯ ಮೂಲಕ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು. ಅರ್ಜಿಯ ಮಾದರಿ ಹೀಗಿರಬಹುದು:

“ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ಕಿಸಾನ್ ಕಾರ್ಡ್ ಸಾಲದ ಖಾತೆಯಲ್ಲಿ ಹಾಕಿರುವ ಖರ್ಚಿನ ಬಗ್ಗೆ.
ನನ್ನ ಖಾತೆ ಸಂಖ್ಯೆ ______. ಸದರಿ ಖಾತೆಯಲ್ಲಿ ತಾರೀಖು ______ ರಂದು ______ ರೂಪಾಯಿಯನ್ನು ______ ಎಂಬ ವಿವರದಡಿ ಖರ್ಚು ಹಾಕಲಾಗಿದೆ. ನನ್ನ ಲೆಕ್ಕದಂತೆ ಇದು ______ ರೂಪಾಯಿ ಇರಬೇಕಾಗಿತ್ತು / ಇದು ನನ್ನ ಸಾಲಕ್ಕೆ ಸಲ್ಲುವುದಿಲ್ಲ. ಲೆಕ್ಕದ ಹಾಳೆಯನ್ನು ಲಗತ್ತಿಸಿದ್ದೇನೆ. ಯಾವ ನಿಯಮದ ಮೇರೆಗೆ ಈ ಖರ್ಚು ಹಾಕಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿಯೂ, ತಪ್ಪಾಗಿದ್ದಲ್ಲಿ ಅದನ್ನೂ ಅದರ ಮೇಲಿನ ಬಡ್ಡಿಯನ್ನೂ ಹಿಂದಕ್ಕೆ ಜಮಾ ಮಾಡಬೇಕಾಗಿಯೂ ಕೋರುತ್ತೇನೆ.”

ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಸಿಟ್ಟಿನ ಮಾತುಗಳು ಬೇಡ. ತಾರೀಖು, ಮೊತ್ತ ಮತ್ತು ಕೇಳಿಕೆ ಸಾಕು. ಶಾಖೆಯಲ್ಲಿ ಉತ್ತರ ಸಿಗದಿದ್ದರೆ ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ಅಥವಾ ದೂರುಗಳ ನೋಡಲ್ ಅಧಿಕಾರಿಗೆ ಬರೆಯಬೇಕು. ಅವರ ವಿಳಾಸವನ್ನು ಶಾಖೆಯಲ್ಲಿ ಪ್ರಕಟಿಸಿರುತ್ತಾರೆ.

ಮೇಲಿನ ಅಧಿಕಾರಿಗಳು

ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಬೇರೆ ಬೇರೆಯಾಗಿದ್ದ ಓಂಬುಡ್ಸ್‌ಮನ್ ಯೋಜನೆಗಳನ್ನು 2021ರ ನವೆಂಬರ್ 12ರಂದು ಒಂದುಗೂಡಿಸಲಾಯಿತು. ದೂರಿಗೆ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯಿಲ್ಲ. ರಿಸರ್ವ್ ಬ್ಯಾಂಕಿನ ದೂರು ಜಾಲತಾಣದ ಮೂಲಕ ಅಥವಾ ಅಂಚೆಯ ಮೂಲಕ ಕಳುಹಿಸಬಹುದು. 14448 ಎಂಬ ದೂರವಾಣಿ ಸಂಖ್ಯೆಯಲ್ಲಿ ಮಾಹಿತಿ ಪಡೆಯಬಹುದು. ಬ್ಯಾಂಕಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಪ್ರತಿ ಇಲ್ಲಿ ಬಹು ಮುಖ್ಯ, ಏಕೆಂದರೆ ಮೊದಲು ಬ್ಯಾಂಕನ್ನು ಕೇಳದೆ ನೇರವಾಗಿ ಬಂದ ದೂರನ್ನು ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನ ಉತ್ತರ ಬಂದ ಮೇಲೆ ತಡ ಮಾಡಬಾರದು. ಸಾಲ ಕೊಡುವುದು, ಬಿಡುವುದು ಮುಂತಾದ ಬ್ಯಾಂಕಿನ ವ್ಯಾವಹಾರಿಕ ತೀರ್ಮಾನಗಳನ್ನು ಓಂಬುಡ್ಸ್‌ಮನ್ ವಿಚಾರಿಸುವುದಿಲ್ಲ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸಾಲವಾದರೆ ದಾರಿ ಬೇರೆ. ಸಂಘದ ಆಡಳಿತ ಮಂಡಳಿಗೆ ಬರೆದು, ನಂತರ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಕೊಡಬೇಕು. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 70ನೆಯ ಪ್ರಕರಣದಂತೆ ಸದಸ್ಯ ಮತ್ತು ಸಂಘದ ನಡುವಿನ ವ್ಯಾಜ್ಯವನ್ನು ಹೂಡಬಹುದು.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಲು ಅವಕಾಶವುಂಟು; ಕಾರಣ ಉಂಟಾದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬರ ಅಥವಾ ನೆರೆಗೆ ತುತ್ತಾದವರು ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇದನ್ನು ವಿಚಾರಿಸಬಹುದು. ಲೋಕ ಅದಾಲತ್ತಿನ ರಾಜಿ ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಒಪ್ಪುವ ಮೊದಲು ಮೊತ್ತವನ್ನು ಲೆಕ್ಕ ಹಾಕಿ ನೋಡಿರಬೇಕು.

ವಸೂಲಿಯ ಸಮಯದಲ್ಲಿ

ಸಾಲ ಸುಸ್ತಿಯಾದ ಮಾತ್ರಕ್ಕೆ ರೈತರ ಹಕ್ಕುಗಳು ಇಲ್ಲವಾಗುವುದಿಲ್ಲ. ವಸೂಲಿ ಏಜೆಂಟರು ಬೆಳಿಗ್ಗೆ 8 ಗಂಟೆಗೆ ಮುಂಚೆ ಮತ್ತು ಸಂಜೆ 7 ಗಂಟೆಯ ನಂತರ ದೂರವಾಣಿ ಕರೆ ಮಾಡಬಾರದು, ಬೆದರಿಸಬಾರದು, ನೆಂಟರಿಷ್ಟರ ಮುಂದೆ ಅವಮಾನ ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ತಿಳಿಸಿದೆ. ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾನೂನು, 2002, ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಬೇರೆ ಕಾನೂನುಗಳಂತೆ ವಸೂಲಿಗೆ ಅವಕಾಶವಿದ್ದರೂ ಅಲ್ಲಿ ನೋಟೀಸು ಮತ್ತು ವಿಚಾರಣೆ ಇರುತ್ತದೆ. ಆ ನೋಟೀಸನ್ನು ತಿರಸ್ಕರಿಸದೆ ಪಡೆದು, ಹಾಜರಾಗಿ, ಲೆಕ್ಕದ ತಕರಾರನ್ನು ಅಲ್ಲಿಯೇ ಹೇಳಬೇಕು. ಡಿಕ್ರಿಯಾದ ನಂತರವೂ, ಜೀವನೋಪಾಯಕ್ಕೆ ಅಗತ್ಯವಾದ ಬೇಸಾಯದ ಉಪಕರಣ, ಎತ್ತು ದನ ಮತ್ತು ಬಿತ್ತನೆ ಬೀಜವನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣ ಬಿಡುವುದಿಲ್ಲ.

ಬ್ಯಾಂಕಿನವರು ಆಗಾಗ್ಗೆ ‘ಬಾಕಿ ಒಪ್ಪಿಗೆ ಪತ್ರ’ಕ್ಕೆ ಸಹಿ ಕೇಳುತ್ತಾರೆ. ಅವಧಿ ಮುಗಿಯುವ ಮೊದಲು ಹಾಕಿದ ಈ ಸಹಿಯಿಂದ ಸಾಲದ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ. ಬರೆದ ಮೊತ್ತವನ್ನು ಒಪ್ಪಿದಂತೆಯೂ ಆಗುತ್ತದೆ. ಮೊತ್ತದಲ್ಲಿ ತಕರಾರಿದ್ದರೆ ಅದನ್ನು ಆ ಪತ್ರದಲ್ಲಿಯೇ ಬರೆದು ಸಹಿ ಮಾಡತಕ್ಕದ್ದು.

ಬರ ಅಥವಾ ಅತಿವೃಷ್ಟಿಯಿಂದ ಬೆಳೆ ಹೋಗಿ, ಸರ್ಕಾರ ಅದನ್ನು ಘೋಷಿಸಿದ್ದರೆ ಸಾಲದ ಅವಧಿ ವಿಸ್ತರಣೆಗೆ ವಾಯಿದೆ ಮುಗಿಯುವ ಮೊದಲೇ ಅರ್ಜಿ ಕೊಡಬೇಕು. ಸಾಲ ತೀರಿದ ಮೇಲೆ ಪಹಣಿಯಲ್ಲಿ ನಮೂದಾದ ಋಣವನ್ನು ತೆಗೆಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಹಂಗಾಮಿನ ತರಬೇತಿಗಳಲ್ಲಿ ಬೀಜೋಪಚಾರಕ್ಕೆ ಕೊಡುವ ಸಮಯದಲ್ಲಿ ಅರ್ಧ ಗಂಟೆಯನ್ನು ಪಾಸ್ ಪುಸ್ತಕಕ್ಕೆ ಮೀಸಲಿಡಬಹುದು. ರೈತರು ತಮ್ಮ ಪುಸ್ತಕಗಳನ್ನು ತರಲಿ. ನಾಲ್ಕು ಗುಂಪುಗಳ ಗುರುತು ಹಾಕುವುದನ್ನು ಮತ್ತು ದಿನದ ಲೆಕ್ಕದಲ್ಲಿ ಬಡ್ಡಿ ಕಟ್ಟುವುದನ್ನು ಅಲ್ಲಿಯೇ ಮಾಡಿ ತೋರಿಸಬೇಕು. ಶಾಲೆಗೆ ಹೋಗುವ ಮಕ್ಕಳು ಈ ಲೆಕ್ಕವನ್ನು ಸುಲಭವಾಗಿ ಮಾಡುತ್ತಾರೆ. ಜಂಟಿ ಖಾತೆಯಿದ್ದಲ್ಲಿ ಮನೆಯ ಹೆಣ್ಣುಮಕ್ಕಳನ್ನೂ ಕರೆಯುವುದು ಅವಶ್ಯ. ಒಂದೇ ಶಾಖೆಯ ಹಲವರ ಪುಸ್ತಕಗಳಲ್ಲಿ ಒಂದೇ ಬಗೆಯ ಖರ್ಚು ಕಂಡರೆ, ಅದನ್ನು ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಭೆಗೆ ಒಯ್ಯುವುದು ಒಬ್ಬೊಬ್ಬರೇ ಅಲೆಯುವುದಕ್ಕಿಂತ ಫಲಕಾರಿ.

ರೈತರು ವರ್ಷದಲ್ಲಿ ಮೂರು ಸಲ ಪುಸ್ತಕ ಮುದ್ರಿಸಿಕೊಂಡರೆ ಸಾಕು: ಮುಂಗಾರಿನ ಹಣ ತೆಗೆದ ಮೇಲೆ, ವಿಮೆಯ ಕಂತು ಕಡಿತವಾದ ವಾರದಲ್ಲಿ ಮತ್ತು ಸಾಲ ಕಟ್ಟಿದ ನಂತರ. ಸಂಶಯ ಬಂದ ಸಾಲಿನ ಮುಂದೆ ಆ ದಿನವೇ ಗುರುತು ಹಾಕಿ, ಆ ವಾರದಲ್ಲಿಯೇ ಅರ್ಜಿ ಬರೆಯಬೇಕು. ಹೊಲದಲ್ಲಿ ಕಳೆಯನ್ನು ಚಿಕ್ಕದಿರುವಾಗಲೇ ಕೀಳುವಂತೆ ಖಾತೆಯ ತಪ್ಪನ್ನೂ ಬಡ್ಡಿ ಬೆಳೆಯುವ ಮುನ್ನವೇ ತೆಗೆಸುವುದು ಸುಲಭ.